ತೊಂಬತ್ತೆರಡು ಯಾವುದರಲ್ಲಿ?

"ಸರ್, ನಮ್ಮ ಕೂಸಿಂದು 92 ಬಂದೈತ್ರಿ. ಬಾರಾಮತ್ಯಾಗ ಸಿಗತೈತೇನ್ರಿ?"

ಜೂನ್ ಬಂತೆಂದರೆ ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ, ಅಕ್ಕಲಕೋಟೆ ಸೀಮೆಯ ಮೇಷ್ಟ್ರುಗಳ ವಾಟ್ಸಾಪಿಗೆ ಬೀಳುವ ಪ್ರಶ್ನೆಗಳ ಧಾಟಿ ಹೆಚ್ಚುಕಡಿಮೆ ಇದೇ. ಉತ್ತರವೂ ಅಷ್ಟೇ ಚುಟುಕು: "ನೋಡೂಣ್ರಿ, ಫಾರ್ಮ್ ತುಂಬ್ರಿ." ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಸೀಟಿನ ವಿಷಯ ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲಿಗೆ, 92 ಯಾವುದರಲ್ಲಿ? ಹನ್ನೆರಡನೇ ತರಗತಿಯ ಶೇಕಡಾವಾರು ಅಂಕವೋ, ಮಹಾರಾಷ್ಟ್ರದ ಸಿಇಟಿಯ ಪರ್ಸೆಂಟೈಲೋ? ಪರ್ಸೆಂಟೈಲ್ ಎಂದರೆ ಅಂಕವಲ್ಲ, ಸಾಲಿನಲ್ಲಿ ನಿಂತ ಜಾಗ. ನಾಲ್ಕು ಲಕ್ಷ ಮಂದಿ ಬರೆದಿದ್ದರೆ 92 ಪಡೆದವರ ಮುಂದೆ ಸುಮಾರು 32 ಸಾವಿರ ಮಂದಿ ಇದ್ದಾರೆಂದು ಅರ್ಥ. ಅದೇ 92 ಹನ್ನೆರಡರ ಅಂಕವಾದರೆ ಊರಲ್ಲಿ ಪೇಢೆ ಹಂಚಬಹುದು, ಆದರೆ ಎಂಜಿನಿಯರಿಂಗ್ ಪಟ್ಟಿಯಲ್ಲಿ ಅದರಿಂದ ಜಾಗ ಗೊತ್ತಾಗದು. ನೀಟ್‌ನಲ್ಲಂತೂ ಅಂಕಕ್ಕೂ ಜಾಗಕ್ಕೂ ಇರುವ ನಂಟು ವರ್ಷವರ್ಷವೂ ಬೇರೆ. ಸಾಮಾನ್ಯ ವರ್ಗಕ್ಕೆ ಬೇಕಾದ 50ನೇ ಪರ್ಸೆಂಟೈಲ್ 2023ರಲ್ಲಿ 137 ಅಂಕಕ್ಕೆ ಸಿಕ್ಕಿತ್ತು. 2024ರಲ್ಲಿ ಅದು 162ಕ್ಕೆ ಏರಿ, 2025ರಲ್ಲಿ 144ಕ್ಕೆ ಇಳಿಯಿತು. ಹೀಗಿರುವಾಗ ಅಣ್ಣನ ಕಾಲದ ಅಂಕ ಹಿಡಿದು ತಮ್ಮನ ಸೀಟು ಅಳೆಯುವುದು ಸುಮ್ಮನೆ ಹೊತ್ತು ಕಳೆಯುವ ಕೆಲಸ.

ಇನ್ನು ಬಾರಾಮತಿ ಎಂದರೆ ಯಾವ ಬಾರಾಮತಿ? 1962ರ ತುಳಜಾರಾಮ ಚತುರಚಂದ ಕಾಲೇಜಿನ ಬಿ.ಎಸ್ಸಿ.ಗೆ ಹನ್ನೆರಡರ ಅಂಕವೇ ದಾರಿ. ಶರದ್ ಪವಾರರು 1972ರಲ್ಲಿ ಕಟ್ಟಿದ ವಿದ್ಯಾ ಪ್ರತಿಷ್ಠಾನದ ಎಂಜಿನಿಯರಿಂಗ್ ಕಾಲೇಜು 2000ದಿಂದ ಇದೆ. ಅಲ್ಲಿಗೆ ಸಿಇಟಿ, ಆಮೇಲೆ 'ಕ್ಯಾಪ್' ಎಂದು ಎಲ್ಲರೂ ಕರೆಯುವ ಕೇಂದ್ರೀಕೃತ ಪ್ರವೇಶ. 2019ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ನೀಟ್. ಅದರಲ್ಲೂ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ, ಉಳಿದದ್ದು ರಾಜ್ಯಕ್ಕೆ. ಊರು ಒಂದೇ, ಬಾಗಿಲು ಬೇರೆ ಬೇರೆ.

ನಮ್ಮ ಆಯುರ್ವೇದದವರು ರೋಗಿಯನ್ನು ತಿಳಿಯಲು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಬಗೆ ಹೇಳಿದರು. ಫೋನಿನಲ್ಲಿ ಸಲಹೆ ಕೊಡುವವನಿಗೆ ನೋಡುವುದಕ್ಕೂ ಇಲ್ಲ, ಮುಟ್ಟುವುದಕ್ಕೂ ಇಲ್ಲ, ಉಳಿದದ್ದು ಪ್ರಶ್ನವೊಂದೇ. ಅದನ್ನೂ ಅರ್ಧಕ್ಕೆ ನಿಲ್ಲಿಸಿದರೆ ಅವನು ತನ್ನ ಮನಸ್ಸಿನಲ್ಲೇ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಂಡು ಆ ಹುಡುಗನಿಗೆ ಉತ್ತರ ಹೇಳುತ್ತಾನೆ.

ಜನ ಅರ್ಧಕ್ಕೆ ನಿಲ್ಲಿಸುವುದು ತಿಳಿಯದೆ ಎಂದು ನನಗೆ ಅನಿಸುವುದಿಲ್ಲ. ಅಂಕ ಹೇಳಲು ನಾಚಿಕೆ, ಜಾತಿ ಹೇಳಲು ಸಂಕೋಚ, ಆದಾಯ ಹೇಳಲು ಅಭಿಮಾನ ಅಡ್ಡ. ಸುಸಂಸ್ಕೃತರು ಮುಚ್ಚಿಡಬೇಕೆಂದು ಕಲಿತ ಸಂಗತಿಗಳನ್ನೇ ಪ್ರವೇಶದ ಪಟ್ಟಿ ಬಹಿರಂಗವಾಗಿ ಅಚ್ಚು ಹಾಕುತ್ತದೆ. ಮಹಾರಾಷ್ಟ್ರದ ಹಳೆಯ ಕಟ್-ಆಫ್ ಪಟ್ಟಿಗಳನ್ನು ಬಿಡಿಸಿ ನೋಡಿ: ಜಿ-ಓಪನ್-ಎಚ್, ಎಲ್-ಓಪನ್-ಓ. ಮೊದಲಕ್ಷರ ಎಲ್ ಆದರೆ ಹೆಣ್ಣುಮಕ್ಕಳ ಸೀಟು. ಕೊನೆಯಕ್ಷರ ಎಚ್ ಆದರೆ ಅದೇ ವಿಶ್ವವಿದ್ಯಾಲಯದ ಸೀಮೆಯವರಿಗೆ, ಓ ಆದರೆ ಹೊರಗಿನವರಿಗೆ. ಬಾರಾಮತಿ ಪುಣೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಜತ್ತ ಕೊಲ್ಹಾಪುರದ ಶಿವಾಜಿಗೆ. ಅಕ್ಕಲಕೋಟೆ 2004ರಿಂದ ಸೊಲ್ಲಾಪುರಕ್ಕೆ. ಆ ಪಟ್ಟಿಯಲ್ಲಿ ನಮ್ಮ ಕೂಸು ಪುಣೆಯ ಹುಡುಗರ ಸಾಲನ್ನು ಓದಿಕೊಂಡರೆ ತಪ್ಪು ಸಾಲು ಓದಿದಂತೆ.

'ಕೂಸು' ಎಂದಷ್ಟೇ ಬರೆದ ತಂದೆ, ಅದು ಹೆಣ್ಣು ಎಂದು ಹೇಳಿಲ್ಲದಿದ್ದರೆ ಇನ್ನೊಂದು ನಷ್ಟ. ಮನೆಯ ಆದಾಯ ಎಂಟು ಲಕ್ಷದೊಳಗಿದ್ದು, ಕ್ಯಾಪ್ ಮೂಲಕ ಸೀಟು ಪಡೆದ ಇಡಬ್ಲ್ಯುಎಸ್, ಎಸ್‌ಇಬಿಸಿ, ಒಬಿಸಿ ಹೆಣ್ಣುಮಕ್ಕಳಿಗೆ 2024ರಿಂದ ವೃತ್ತಿ ಶಿಕ್ಷಣದ ಶುಲ್ಕ ಪೂರ್ತಿ ಮಾಫಿ. ಆದಾಯ ಮುಚ್ಚಿಟ್ಟವರಿಗೆ ಸಲಹೆಗಾರ ಕಡಿಮೆ ಶುಲ್ಕದ ಯಾವುದೋ ಕಾಲೇಜು ತೋರಿಸಿ ಕಳಿಸಿಬಿಡಬಹುದು.

ಜಾತಿಯ ಮಾತಂತೂ ಗಡಿಯಲ್ಲಿ ಇನ್ನೂ ತೊಡಕು. ಕರ್ನಾಟಕದ ಕುರುಬರು 2ಎ. ಗಡಿ ದಾಟಿದರೆ ಕುರಿ ಕಾಯುವ ಧನಗರರು ಎನ್‌ಟಿ-ಸಿ. ಕಟ್-ಆಫ್ ಪಟ್ಟಿಯಲ್ಲಿ ಅದೇ ಎನ್‌ಟಿ-2. ಅಖಿಲ ಭಾರತ ಕೋಟಾಕ್ಕೆ ಬಂದರೆ ಕೇಂದ್ರದ ಪಟ್ಟಿಯಂತೆ ಒಬಿಸಿ. ಆದ್ದರಿಂದ 'ಓಬಿಸಿ ಅದೇವ್ರಿ' ಎಂದರೆ ಸಾಲದು, ಯಾವ ಪಟ್ಟಿಯ ಯಾವ ಹೆಸರು ಎಂಬುದು ಬೇಕು. ಜಾತಿ ಪ್ರಮಾಣಪತ್ರದ ಜೊತೆಗೆ ಅದರ ಪಡತಾಳಣಿ, ಅಂದರೆ ಪರಿಶೀಲನೆಯೂ ಆಗಿದೆಯೇ ಎಂಬುದೂ ಬೇಕು.

ಸ್ಪಷ್ಟವಾಗಿ ಹೇಳಬೇಕು ಎಂದರೆ ಎಲ್ಲವನ್ನೂ ಹೇಳಬೇಕು ಎಂದಲ್ಲ. ಆಧಾರ್ ಸಂಖ್ಯೆ, ಲಾಗಿನ್‌ನ ಪಾಸ್‌ವರ್ಡ್, ಓಟಿಪಿ ಇವನ್ನು ಕೇಳುವವನು ಸಲಹೆಗಾರನಲ್ಲ. ವಿಚಿತ್ರವೆಂದರೆ ಆದಾಯ ಹೇಳಲು ಹಿಂಜರಿಯುವ ಕೈಗಳೇ ಓಟಿಪಿಯನ್ನು ಧಾರಾಳವಾಗಿ ಕಳಿಸುತ್ತವೆ.

ಗಡಿಯ ಮನೆಗಳಲ್ಲಿ ಕೊನೆಯದಾಗಿ ಅಡಗುವ ಸಂಗತಿ ತಾಯ್ನುಡಿ. ಮಹಾರಾಷ್ಟ್ರ ತನ್ನ ಅಭ್ಯರ್ಥಿಗಳಲ್ಲಿ 'ಇ' ಎಂಬ ಒಂದು ಬಗೆಯನ್ನು ಇಟ್ಟಿದೆ: ಕರ್ನಾಟಕದೊಳಗಿನ ವಿವಾದಿತ ಗಡಿ ಭಾಗದಲ್ಲಿ ಓದಿದ, ಮರಾಠಿ ತಾಯ್ನುಡಿಯ ಮಕ್ಕಳಿಗಾಗಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಅದಕ್ಕೆ ಸರಿಜೋಡಿಯಾಗಿ 'ಗಡಿನಾಡ ಕನ್ನಡಿಗ' ಎಂಬ ಷರತ್ತು ಇಟ್ಟಿದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ಓದಿದ, ಕನ್ನಡ, ತುಳು ಅಥವಾ ಕೊಡವ ತಾಯ್ನುಡಿಯ ಮಕ್ಕಳಿಗಾಗಿ. ಎರಡೂ ರಾಜ್ಯಗಳು ಭಾಷೆಯ ಜಗಳವನ್ನು ಅರ್ಜಿಯ ಕಾಲಂನಲ್ಲಿ ಎಷ್ಟು ಶಿಸ್ತಾಗಿ ಕೂರಿಸಿವೆ! ಊರಿನ ರಾಜಕಾರಣಕ್ಕೆ ಅಂಜಿ ಕೆಲವರು ಮಗನ ತಾಯ್ನುಡಿ ಮರಾಠಿ ಎಂದೇ ಬರೆಸುತ್ತಾರೆ. ಜತ್ತದಲ್ಲಿ ಹತ್ತು, ಹನ್ನೆರಡು ಮುಗಿಸಿದ ಮಹಾರಾಷ್ಟ್ರ ನಿವಾಸಿ ಹುಡುಗ ಅಲ್ಲಿ 'ಎ' ಬಗೆಗೆ ಸೇರುತ್ತಾನೆ; ಆ ಬಗೆ ತಾಯ್ನುಡಿ ಕೇಳುವುದಿಲ್ಲ. ಕನ್ನಡ ಎಂದು ಬರೆದರೆ ಬಾರಾಮತಿಯಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ವಿಜಯಪುರದ ಕಡೆಯ ಇನ್ನೊಂದು ಬಾಗಿಲು ತೆರೆದಿರುತ್ತದೆ.

ಆದರೆ ಆ ಬಾಗಿಲಿಗೆ ಬೇರೆ ಅರ್ಜಿ, ಕರ್ನಾಟಕದ ಸಿಇಟಿ, ಅದರ ಹಿಂದೆಮುಂದೆ ನಡೆಯುವ ಕನ್ನಡ ಭಾಷಾ ಪರೀಕ್ಷೆ ಇವೆಲ್ಲ ಆಗಬೇಕು. 2024, 2025ರಲ್ಲಿ ಆ ಅರ್ಜಿ ಜನವರಿಯಲ್ಲೇ ಶುರುವಾಗಿ, ಪರೀಕ್ಷೆ ಏಪ್ರಿಲ್‌ನಲ್ಲಿ ಮುಗಿದಿತ್ತು. ಜತ್ತದ ಕನ್ನಡ ಶಾಲೆಯಲ್ಲಿ ಹತ್ತು ಮುಗಿಸಿದ ಹುಡುಗ ತನ್ನ ತಾಲ್ಲೂಕು, ತಾಯ್ನುಡಿ ಎರಡನ್ನೂ ಮೇಷ್ಟ್ರಿಗೆ ಹೇಳಬೇಕಾದದ್ದು ಸಂಕ್ರಾಂತಿಯ ಹೊತ್ತಿಗೆ.