ಹಲಗೆಯನ್ನು ಮೊಳೆಯಿಂದ ಇಳಿಸಿ

ಹೋದ ಬೇಸಿಗೆಯಲ್ಲಿ ಹುಮನಾಬಾದಿನ ನಮ್ಮ ಓಣಿಯಿಂದ ಮದುವೆಯ ಮೆರವಣಿಗೆ ಹೊರಟಿತ್ತು. ಮುಂದೆ ಟ್ರಾಲಿಯ ತುಂಬ ಡಿಜೆ ಪೆಟ್ಟಿಗೆಗಳು. ಕಿಟಕಿಯ ಗಾಜುಗಳು ಅದುರುತ್ತಿದ್ದವು. ಬಾಣಂತಿಯೊಬ್ಬಳು ಕೂಸಿನ ಕಿವಿಗೆ ಸೆರಗು ಒತ್ತಿ ಹಿಡಿದು ಒಳಕೋಣೆಗೆ ಓಡಿದಳು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರನ್ನು ಕೇಳಿದೆ: "ಕಾಕಾ, ನಿಮ್ಮ ಹಲಗಿ ಎಲ್ಲದರಿ?"

"ಮನ್ಯಾಗ ಮೊಳಿಗಿ ತೂಗಬಿದ್ದದ. ಯಾರೂ ಕರೆಯಂಗಿಲ್ಲ. ಮಗಾ ಮುಟ್ಟಂಗಿಲ್ಲ."

ಹುಲ್ಲಿನ ಬೆಂಕಿಗೆ ಹಲಗೆ ಕಾಯಿಸಿ, ಬೆರಳಿನಿಂದ ತಟ್ಟಿ ನಾದ ನೋಡಿ, ಮೊಹರಮ್ಮಿನ ಹೆಜ್ಜೆ ಕುಣಿತಕ್ಕೆ ಊರನ್ನೇ ಕುಣಿಸಿದ ಕೈ ಅದು. ಮಗ ಯಾಕೆ ಮುಟ್ಟುವುದಿಲ್ಲ ಎಂಬುದು ನಮಗೆ ಗೊತ್ತಿಲ್ಲವೆ? ನಮಗೆ ಹಲಗೆಯ ಸದ್ದು ಬೇಕಿತ್ತು, ಹಲಗೆ ಹಿಡಿದವರು ಹೊಸ್ತಿಲು ದಾಟುವುದು ಬೇಡವಾಗಿತ್ತು. ಕೈಗೆ ನಾಲ್ಕು ಕಾಸು, ದೂರದಲ್ಲಿ ಊಟದ ಎಲೆ. ಅಪ್ಪ ಉಂಡ ಆ ಅವಮಾನವನ್ನು ಮಗ ಒಲ್ಲೆ ಎಂದದ್ದು ಸರಿಯೇ ಇದೆ. ಡಿಜೆಯೊಂದೇ ಹಲಗೆಯನ್ನು ಕೊಂದಿತೆಂದು ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಇದು ನಡೆದದ್ದು ಎಂಥ ನೆಲದಲ್ಲಿ! ಇಲ್ಲಿಗೆ ಹತ್ತಿರದ ಕಲ್ಯಾಣದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆದು ಅದರಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ದೊಡ್ಡ ಜಾಗ ಕೊಟ್ಟ. ಅವನ ಮಗ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ರಚಿಸಿದ. ಮುಂದೆ ದೇವಗಿರಿಯಲ್ಲಿ 'ಸಂಗೀತ ರತ್ನಾಕರ' ಬರೆದ ಶಾರ್ಙ್ಗದೇವ ಈ ಅಪ್ಪ ಮಗನನ್ನು ಹಿಂದಿನ ಆಚಾರ್ಯರ ಸಾಲಿನಲ್ಲಿ ನೆನೆದಿದ್ದಾನೆ. ಅದು ಅರಮನೆಯ ಮಾತಾಯಿತು. ನನಗೆ ಅದಕ್ಕಿಂತ ದೊಡ್ಡದು ಸೋಮೇಶ್ವರನ ಶತಮಾನದ್ದೇ ಆದ, ಅದೇ ಕಲ್ಯಾಣದ ಶರಣರ ಸಂಗತಿ. ವೇಷ ಹಾಕಿ ಮನೆ ಮನೆ ತಿರುಗುತ್ತಿದ್ದ ಬಹುರೂಪಿ ಚೌಡಯ್ಯ, ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯ ಆ ಬಳಗದಲ್ಲಿ ಅಂಗಳದಲ್ಲಿ ನಿಂತವರಲ್ಲ, ಒಳಗೆ ಕೂತವರು.

ಊರಿನ ಮಗ್ಗುಲಲ್ಲೇ ಮಾಣಿಕನಗರವಿದೆ. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಎಲ್ಲ ಮತಗಳೂ ನಿಜ ಎಂಬ ಸಕಲಮತ ಸಂಪ್ರದಾಯ ಕಟ್ಟಿದರು. ಕನ್ನಡದಲ್ಲೂ ಮರಾಠಿಯಲ್ಲೂ ಹಿಂದುಸ್ತಾನಿಯಲ್ಲೂ ಪದ ಹಾಡಿದರು. ನಿಜಾಮರ ಸೀಮೆಯಲ್ಲಿ, ಮೂರು ನಾಲ್ಕು ಭಾಷೆ ಬೆರೆತ ಜನರ ನಡುವೆ, ಎಲ್ಲರನ್ನೂ ಒಂದು ಜಮಖಾನೆಯ ಮೇಲೆ ಕೂಡಿಸುವ ದಾರಿ ಅವರಿಗೆ ಸಂಗೀತದಲ್ಲಿ ಕಂಡಿತು. ದತ್ತ ಜಯಂತಿಯ ದರ್ಬಾರಿನಲ್ಲಿ ಇಂದಿಗೂ ಗಾಯಕರು ಹಾಡುತ್ತಾರೆ. ನಾವೂ ಹೋಗಿ ಕೇಳಿ, ಪ್ರಸಾದ ತಗೊಂಡು ಬರುತ್ತೇವೆ. ಆದರೆ ಕೇಳಿ ಬಂದ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಹಾರ್ಮೋನಿಯಂ ಮುಟ್ಟಲು ಸಿಕ್ಕಿದೆ?

ಹಾಡು ಹೊಟ್ಟೆ ತುಂಬಿಸುತ್ತದೆಯೇ ಎನ್ನುವವರು ಗದುಗಿನ ಕಡೆ ನೋಡಲಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವತನಕ ನಡೆಸಿದ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೂ ಅನಾಥರಿಗೂ ಅನ್ನದ ಜತೆ ಸ್ವರ ಕೊಟ್ಟಿತು. ಭಿಕ್ಷೆಗೆ ಕೂರಬೇಕಾಗಿದ್ದ ಎಷ್ಟೋ ಕೈಗಳು ತಬಲಾ, ಪೇಟಿ, ಪಿಟೀಲು ಹಿಡಿದು ಸಂಸಾರ ಸಾಕಿದವು. ಸರ್ಕಾರ ಹೇಳಿದ್ದಕ್ಕೆ ಹುಟ್ಟಿದ ಕೆಲಸವಲ್ಲ ಅದು. ಊರೂರು ತಿರುಗಿ, ನಾಟಕ ಆಡಿ, ಕಾಳು ಕೂಡಿಸಿ ಮಾಡಿದ್ದು.

ಇನ್ನು ಭಜನೆಯ ಮನೆಗಳು. ತಾಳ ಹಿಡಿದು ಎದುರುಬದುರು ಕೂತವರು ಒಂದೇ ಸೊಲ್ಲಿಗೆ ಒಂದೇ ಉಸಿರು ಎಳೆಯಬೇಕು. ಹೀಗೆ ಕೂಡಿ ಹಾಡುವವರ ಎದೆಬಡಿತವೂ ಒಂದಕ್ಕೊಂದು ಹೊಂದಿಕೊಳ್ಳುತ್ತದೆಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಅಳೆದು ತೋರಿಸಿದರು. ಹಗಲು ಬದುವಿಗಾಗಿ ಜಗಳಾಡಿದ ಅಣ್ಣತಮ್ಮಂದಿರು ರಾತ್ರಿ ಒಂದೇ ಪದದ ಸೊಲ್ಲು ಹಿಡಿದದ್ದನ್ನು ನಾನು ಕಂಡಿದ್ದೇನೆ. ಡಿಜೆಯ ಮುಂದೆ ಅದು ಆಗುವುದಿಲ್ಲ, ಅಲ್ಲಿ ಪಕ್ಕದವನ ದನಿಯೇ ಕೇಳಿಸುವುದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಹಣ ಬರುತ್ತಿದೆ. ಶಾಲೆಗೆ ಕೋಣೆ ಕೇಳಿದ ಹಾಗೆಯೇ ಸಂಗೀತದ ಮೇಷ್ಟ್ರನ್ನೂ ಕೇಳೋಣ. ನಮ್ಮ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇರುವುದು ರಾಜ್ಯದ ಆ ತುದಿಯ ಮೈಸೂರಿನಲ್ಲಿ. ನಮ್ಮ ತಾಂಡಾದ ಹುಡುಗಿ ಅಲ್ಲಿತನಕ ಹೋಗಬೇಕಾದರೆ ಮೊದಲು ಇಲ್ಲಿಯ ಶಾಲೆಯಲ್ಲಿ ಸರಿಗಮ ಕಿವಿಗೆ ಬೀಳಬೇಕು. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಈ ಮಾತು ಆಡಿ. ಶಾಸಕರು ಊರಿಗೆ ಬಂದಾಗ ಮನವಿಯ ಹಾಳೆಯಲ್ಲಿ ಇದನ್ನೂ ಬರೆಯಿರಿ.

ಅದಕ್ಕೂ ಮೊದಲು ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಮುಂದಿನ ಮದುವೆಗೆ ಡಿಜೆಗೆ ಎಣಿಸಿಕೊಡುವ ಹಣವನ್ನು ಹಲಗೆಯವರಿಗೆ ಕೊಡಿ, ಒಂದು ರೂಪಾಯಿಯೂ ಕಡಿಮೆ ಮಾಡದೆ. ಬಾರಿಸುವುದನ್ನು ಎಲ್ಲ ಜಾತಿಯ ಮಕ್ಕಳೂ ಅವರ ಮುಂದೆ ಕೂತು ಕಲಿಯಲಿ, ಕಲಿಸಿದವರನ್ನು ಗುರುಗಳೇ ಎಂದು ಕರೆಯಲಿ. ಈ ವಾರವೇ ನಿಮ್ಮ ಓಣಿಯ ಆ ಕಾಕಾನ ಮನೆಗೆ ಹೋಗಿ, ಹಲಗೆ ಇಳಿಸಿರೆಂದು ಕೈಮುಗಿದು ಕೇಳಿ. ಅವರು ನಿಮ್ಮ ಮನೆಗೆ ಬಂದ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡಿಸಿ, ನಿಮ್ಮ ಪಕ್ಕದಲ್ಲೇ ಎಲೆ ಹಾಕಿ.