ಮನೆಯೊಳಗೆ ಮರೆ ಯಾರಿಗಿದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ನಮ್ಮ ಬದುಕಿನೊಳಗೆ ಇಣುಕಬಾರದು, ಸರಿ. ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ ಆ ಹಕ್ಕು ಯಾರ ಪಾಲಿಗೆ ಎಷ್ಟು ಬಂದಿದೆ?

ಬೆಂಗಳೂರಿನ 30×40 ಅಡಿಯ ಸೈಟುಗಳನ್ನು ನೋಡಿ. ಎರಡು ಮನೆಗಳ ನಡುವೆ ನಾಲ್ಕು ಹೆಜ್ಜೆ ಜಾಗವಿಲ್ಲ, ಕಿಟಕಿಗಳು ಮಾತ್ರ ಎದುರುಬದುರು, ಒಂದೇ ಎತ್ತರಕ್ಕೆ. ಗೃಹಪ್ರವೇಶ ಮುಗಿಯುತ್ತಲೇ ದಪ್ಪ ಪರದೆ ಬೀಳುತ್ತದೆ, ಹಗಲಲ್ಲೂ ದೀಪ ಉರಿಯುತ್ತದೆ. ಒಳಗೆ ಬಂದರೆ ಬಚ್ಚಲ ಬಾಗಿಲು ನೇರ ಸೋಫಾದತ್ತ. ನೆಂಟರು ಕೂತಿದ್ದರೆ ಹೆಣ್ಣುಮಕ್ಕಳು ಸ್ನಾನ ಮುಂದೂಡಬೇಕು. ಡೂಪ್ಲೆಕ್ಸಿನ ಎತ್ತರದ ಹಾಲಿನಿಂದ ಕೆಳಗಿನ ಟೀವಿಯ ಸದ್ದೆಲ್ಲ ಮಹಡಿಯಲ್ಲಿ ಓದುವವರ ಕಿವಿಗೆ.

ಹಳೆಯ ಮನೆಗಳಲ್ಲಿ ಜಗಲಿ, ಪಡಸಾಲೆ, ನಡುಮನೆ, ಹಿತ್ತಿಲು ಎಂಬ ಕ್ರಮವಿತ್ತು. ಬಂದವರು ಸಲುಗೆಯಿದ್ದಷ್ಟೇ ಒಳಗೆ ಬರುತ್ತಿದ್ದರು. ಹಾಗೆಂದು ಅದನ್ನು ಹಾಡಿ ಹೊಗಳಬೇಕಿಲ್ಲ. ಆ ಮರೆ ಮನೆತನಕ್ಕೆ ಸಿಕ್ಕಿತ್ತು, ಸೊಸೆಗೆ ಸಿಕ್ಕಿದ್ದು ಹೊಗೆ ತುಂಬಿದ ಅಡುಗೆಮನೆ. ಆ ಕ್ರಮವನ್ನು ಉಳಿಸಿಕೊಂಡು, ಅದರ ಮೇಲುಕೀಳನ್ನು ಬಿಟ್ಟುಬಿಡುವುದು ಜಾಣತನ.

ಇದಕ್ಕೆ ಹೆಚ್ಚು ಖರ್ಚೂ ಇಲ್ಲ. ನೆರೆಮನೆಯತ್ತ ತೆರೆಯುವ ಕಿಟಕಿಯನ್ನು ಕಣ್ಮಟ್ಟಕ್ಕಿಂತ ಮೇಲಿಟ್ಟರೆ ಗಾಳಿ ಬೆಳಕು ಬರುತ್ತದೆ, ನೋಟ ಬರುವುದಿಲ್ಲ. ಎರಡು ಮಲಗುವ ಕೋಣೆಗಳ ನಡುವೆ ವಾರ್ಡ್‌ರೋಬ್ ಬಂದರೆ ಮಾತು ಆಚೆ ಕೇಳುವುದು ತಗ್ಗುತ್ತದೆ. ಬಾಗಿಲು ಅರೆ ತೆರೆದಾಗ ಮಂಚ ಕಾಣದ ಹಾಗೆ ಕೀಲು ಯಾವ ಬದಿಗಿರಬೇಕೆಂದು ಮೊದಲೇ ಬಡಗಿಗೆ ಹೇಳಿದರೆ ಸಾಕು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನಗರದ ಬಡವರಿಗೆ ಕಟ್ಟುವ 30 ಚದರ ಮೀಟರಿನ ಮನೆಯಲ್ಲಿ ಎಲ್ಲರಿಗೂ ಕೋಣೆ ಸಿಗದು, ನಿಜ. ಎಲ್ಲರ ಕಣ್ಣೆದುರು ಹಾದುಹೋಗದೆ ಬಚ್ಚಲು ಸೇರುವ ದಾರಿಯನ್ನು ಅಲ್ಲೂ ಮಾಡಬಹುದು.

ನಾವೋ, ಬಾಗಿಲು ಯಾವ ದಿಕ್ಕಿಗಿರಬೇಕೆಂದು ವಾಸ್ತು ಹೇಳುವವರನ್ನು ಕೇಳುತ್ತೇವೆ. ಅದೇ ಮನೆಯಲ್ಲಿ ಬಾಳುವ ಹೆಂಡತಿ, ವಯಸ್ಸಿಗೆ ಬಂದ ಮಗಳು, ರಾತ್ರಿ ನಾಲ್ಕು ಸಲ ಏಳುವ ಅಜ್ಜ, ಇವರನ್ನು ಕೇಳುವುದಿಲ್ಲ. ಮನೆ ಕಟ್ಟಿಸಲು ಹೊರಟವರಲ್ಲಿ ಒಂದೇ ವಿನಂತಿ: ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಅದನ್ನು ಅವರ ಮುಂದೆ ಹರಡಿ, ಮೊದಲು ಅವರ ಮಾತು ಕೇಳಿ.