ಉಪಗ್ರಹವನ್ನು ಕಾಣುವ ಕಣ್ಣು

ಸಂಜೆಯ ಆಕಾಶದಲ್ಲಿ ನಕ್ಷತ್ರಗಳ ನಡುವೆ ಚುಕ್ಕೆಯೊಂದು ಸದ್ದಿಲ್ಲದೆ ಸರಿದುಹೋಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದು ಉಪಗ್ರಹ. ಬಿಸಿಲನ್ನು ಪ್ರತಿಫಲಿಸುವವರೆಗೆ ಮಾತ್ರ ಅದು ಕಾಣುತ್ತದೆ. ಭೂಮಿಯ ನೆರಳನ್ನು ಹೊಕ್ಕೊಡನೆ ಮರೆಯಾಗುತ್ತದೆ. ನೆರಳಿನೊಳಗಿನ ಉಪಗ್ರಹವನ್ನು ಕಾಣುವ ಬಗೆ ಯಾವುದು?

ಉತ್ತರವು ನಮ್ಮ ಪಠ್ಯಪುಸ್ತಕದ ವೀನ್ ನಿಯಮದಲ್ಲಿಯೇ ಉಂಟು. ಕಾಯವು ಬಿಸಿಯಾದಷ್ಟೂ ಅದು ಅತ್ಯಧಿಕವಾಗಿ ಸೂಸುವ ಕಿರಣದ ತರಂಗಾಂತರ ಕಿರಿದಾಗುತ್ತದೆ. ಸುಮಾರು 5,800 ಕೆಲ್ವಿನ್ ಉಷ್ಣತೆಯ, ಸೂರ್ಯನಂಥ ನಕ್ಷತ್ರಕ್ಕೆ ಅದು 0.5 ಮೈಕ್ರೊಮೀಟರ್, 300 ಕೆಲ್ವಿನ್ ಆಸುಪಾಸಿನ ಉಪಗ್ರಹಕ್ಕೆ ಸುಮಾರು 10 ಮೈಕ್ರೊಮೀಟರ್. ಇದೇ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಇದರಲ್ಲಿ ನೋಡಿದರೆ ಅಂಥ ನಕ್ಷತ್ರಗಳು ಮಂಕಾಗಿ, ಉಪಗ್ರಹವು ಎದ್ದು ತೋರುತ್ತದೆ. ಉಳಿದ ಸಂದೇಹವನ್ನು ಚಲನೆಯು ಪರಿಹರಿಸುತ್ತದೆ: ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ನಕ್ಷತ್ರಗಳ ವಿನ್ಯಾಸ ಬದಲಾಗದು, ಉಪಗ್ರಹದ ಸ್ಥಾನ ಬದಲಾಗುತ್ತದೆ. ಆದರೆ ನಮ್ಮ ಸುತ್ತಲಿನ ಗಾಳಿಯೂ ಇದೇ ಕಿರಣಗಳನ್ನು ಸೂಸುವುದರಿಂದ, ಇಂಥ ಕಣ್ಣಿಗೆ ವಾಯುಮಂಡಲದ ಮೇಲಣ ನೆಲೆಯೇ ಲೇಸು.

ಈ ವಿದ್ಯೆ ನಮ್ಮ ದೇಶಕ್ಕೆ ಬಾರದ್ದೇನೂ ಅಲ್ಲ. 2019ರ ಮಾರ್ಚ್ 27ರಂದು 'ಮಿಷನ್ ಶಕ್ತಿ' ಪ್ರಯೋಗದಲ್ಲಿ, ಒಡಿಶಾದ ಕರಾವಳಿಯಿಂದ ಹಾರಿದ ಕ್ಷಿಪಣಿಯು ಅವಕೆಂಪು ಸಂವೇದಕದ ನೆರವಿನಿಂದ ಗುರಿಯನ್ನು ಗುರುತಿಸಿ, ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ನಮ್ಮದೇ ಉಪಗ್ರಹವೊಂದನ್ನು ಒಡೆಯಿತು. ಅದರ ಚೂರುಗಳಲ್ಲಿ ಕೆಲವು ತಿಂಗಳುಗಟ್ಟಲೆ ಭೂಮಿಯನ್ನು ಸುತ್ತಿದವು. ಗುರಿಯನ್ನು ಹೊಡೆದ ಈ ಕಣ್ಣು ಇನ್ನು ಕಾವಲಿನ ಕಣ್ಣಾಗಬೇಕೆಂಬುದು ನನ್ನ ಅಭಿಪ್ರಾಯ. ರಾಕೆಟ್ಟು ಹಾರಿಸುವ ಹೆಮ್ಮೆ ಶ್ರೀರಂಗಪಟ್ಟಣಕ್ಕೆ ಹದಿನೆಂಟನೆಯ ಶತಮಾನದಿಂದಲೇ ಇದೆ. ಹಾರಿಸಿದುದನ್ನು ಕಾಯುವುದೂ ಅಷ್ಟೇ ಹಿರಿದಾದ ವಿದ್ಯೆ. ಕಕ್ಷೆಯಲ್ಲಿನ ಡಿಕ್ಕಿಗಳನ್ನು ತಪ್ಪಿಸಲೆಂದು ಇಸ್ರೋ 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕೇಂದ್ರವೊಂದನ್ನು ತೆರೆಯಿತು. ವೀನ್ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಂದ ಮಾತ್ರ ಇಂಥ ಕಾರ್ಯ ಸಾಗದು. ನಕ್ಷತ್ರಗಳ ಹಿನ್ನೆಲೆಯಲ್ಲಿ ಉಪಗ್ರಹದ ಸ್ಥಾನವನ್ನು ಅಳೆದು ಅಭ್ಯಾಸವಾಗಿರಬೇಕು.

ಆ ಅಭ್ಯಾಸಕ್ಕೆ ಬರಿಗಣ್ಣೇ ಸಾಕು. ಶ್ರೀರಂಗಪಟ್ಟಣಕ್ಕೂ ನಾಗಮಂಗಲಕ್ಕೂ ನೇರ ದೂರ ಸುಮಾರು 45 ಕಿಲೋಮೀಟರ್. 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ನೆತ್ತಿಯ ಬಳಿ ಹಾಯುವಾಗ, ಒಂದೇ ಕ್ಷಣದಲ್ಲಿ ಎರಡೂ ಊರುಗಳಿಂದ ನೋಡಿದರೆ, ನಕ್ಷತ್ರಗಳ ನಡುವೆ ಅದರ ಸ್ಥಾನ ಸುಮಾರು 6 ಡಿಗ್ರಿ ಬೇರೆಯಾಗಿರುತ್ತದೆ. ಈ ಕೋನದಿಂದ ಅದರ ಎತ್ತರವನ್ನು ಗಣಿಸಬಹುದು. ಪಾಂಡವಪುರ, ಕೃಷ್ಣರಾಜಪೇಟೆಗಳೂ ಕೈಗೂಡಿಸಿದರೆ ಫಲಿತಾಂಶವನ್ನು ತಾಳೆ ನೋಡಬಹುದು. ಬೇಕಾದುದು ನಕ್ಷತ್ರಪಟ, ಸರಿಯಾದ ಗಡಿಯಾರ, ಮೋಡವಿಲ್ಲದ ಒಂದು ಸಂಜೆ.

ನಾಲ್ಕೂ ಊರುಗಳ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಇದನ್ನು ಕೂಡಿ ಮಾಡಲಿ. ವಿದ್ಯಾರ್ಥಿಗಳು ಅಧ್ಯಾಪಕರನ್ನು ಕಾಯದೆ ತಾವೇ ಮೊದಲಿಡಲಿ.